ಮೂವತ್ತೆರಡು ಡಿಗ್ರಿಯ ಲೆಕ್ಕ

ಸಿಲಿಕಾ ನ್ಯಾನೊಕಣದ ಮೈಮೇಲೆ ಪಿನಿಪಾಮ್ ಪಾಲಿಮರ್ ಬೆಳೆಸಲು ಹೊರಟವರು ಮೊದಲು ಗೋಡೆಯ ಥರ್ಮಾಮೀಟರ್ ನೋಡಲಿ. ಈ ಪಾಲಿಮರ್ ಸುಮಾರು 32 ಡಿಗ್ರಿಗಿಂತ ಕೆಳಗೆ ನೀರು ಹಿಡಿದು ಅರಳುತ್ತದೆ, ಅದಕ್ಕಿಂತ ಮೇಲೆ ನೀರು ಬಿಟ್ಟು ಮುದುಡುತ್ತದೆ. ಪ್ರಬಂಧಗಳಲ್ಲಿ ‘ಕೋಣೆಯ ಉಷ್ಣಾಂಶ’ ಅಂದರೆ 25 ಡಿಗ್ರಿ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಮಧ್ಯಾಹ್ನ 37 ದಾಟುತ್ತದೆ!

1. ಕಣಗಳು ಒಂದೇ ಗಾತ್ರದವಿರಲಿ. ಎಥೆನಾಲ್, ನೀರು, ಅಮೋನಿಯಾ, ಟಿಇಒಎಸ್ ಸೇರಿಸುವ 1968ರ ಸ್ಟೋಬರ್ ವಿಧಾನ ಈಗಲೂ ಸಾಕು. ಬಿಸಿ ಏರಿಳಿದರೆ ಗಾತ್ರವೂ ಬದಲಾಗುತ್ತದೆ. ಫ್ಲಾಸ್ಕನ್ನು ವಾಟರ್ ಬಾತ್‌ನಲ್ಲಿಡಿ.

2. ಪಾಲಿಮರ್ ಬೆಳೆಸುವ ಮೊದಲು ಕಣದ ಮೈಗೆ ಸಿಲೇನ್ ಹಚ್ಚಬೇಕು. ಧಾರವಾಡದ ಜುಲೈ ಮಳೆಯಲ್ಲಿ ಅದರ ಬಾಟಲಿ ತೆರೆದಿಡಬೇಡಿ. ತೇವ ತಗುಲಿದ ಎಪಿಟಿಇಎಸ್ ಸಿಲೇನ್ ಕಣವನ್ನು ಬಿಟ್ಟು ತನ್ನೊಳಗೇ ಬೆಸೆದುಕೊಳ್ಳುತ್ತದೆ. ಒಣ ಟೊಲೂಯಿನ್, ಸಾರಜನಕದ ಬಲೂನು ಇಲ್ಲದೆ ಕೈ ಹಾಕಬೇಡಿ.

3. ಪಾಲಿಮರ್ ಬೆಳೆಸಲು ತಾಮ್ರದ ವೇಗವರ್ಧಕ ಬಳಸುವ ಎಟಿಆರ್‌ಪಿ ವಿಧಾನಕ್ಕೆ ಆಮ್ಲಜನಕವೇ ವೈರಿ. ಹೆಪ್ಪುಗಟ್ಟಿಸಿ, ಗಾಳಿ ಎಳೆದು, ಕರಗಿಸಿ, ಮೂರು ಸಲ. ಮಾನೋಮರ್ ವಿಷಕಾರಿ, ಕೈಗವಸು ಬೇಕೇ ಬೇಕು.

4. ಹೆಚ್ಚಿನವರು ಸೋಲುವುದು ತೊಳೆಯುವಾಗ. ಕಣಕ್ಕೆ ಅಂಟದೆ ಉಳಿದ ಬಿಡಿ ಪಾಲಿಮರ್ ತಣ್ಣೀರಿನಲ್ಲಿ ಕರಗಿ ಹೋಗುತ್ತದೆ. 32 ದಾಟಿದ ನೀರಿನಲ್ಲಿ ತಾನೂ ಗಟ್ಟಿಯಾಗಿ ಕಣದ ಜೊತೆಗೇ ತಳ ಸೇರುತ್ತದೆ. ಆಮೇಲೆ ಟಿಜಿಎ (ಬಿಸಿ ಮಾಡುತ್ತ ತೂಕನಷ್ಟ ಅಳೆಯುವ ಪರೀಕ್ಷೆ) ಮಾಡಿದರೆ ನಾಟಿಯ ಪ್ರಮಾಣ ಭರ್ಜರಿಯಾಗಿ ಕಾಣುತ್ತದೆ, ಎಲ್ಲಾ ಸುಳ್ಳು. ಸೆಂಟ್ರಿಫ್ಯೂಜ್ ಕೂಡ ಓಡುತ್ತ ಓಡುತ್ತ ಬಿಸಿಯಾಗುತ್ತದೆ ನೋಡ್ರಿ! ತಂಪುಗೊಳಿಸುವ ಯಂತ್ರವಿದ್ದರೆ 15ಕ್ಕೆ ಇಡಿ. ಇಲ್ಲದಿದ್ದರೆ ಬೆಳಗಿನ ಹೊತ್ತು, ಫ್ರಿಜ್ಜಿನ ನೀರು, ಸಣ್ಣ ಸುತ್ತುಗಳು. ಮೇಲಿನ ತಿಳಿಯಲ್ಲಿ ಪಾಲಿಮರ್ ಸಿಗದಂತಾಗುವವರೆಗೂ ಬಿಡಬೇಡಿ.

5. ಬರಿ ಸಿಲಿಕಾ ಮತ್ತು ಸಿಲೇನ್ ಹಚ್ಚಿದ ಸಿಲಿಕಾ, ಎರಡರ ಟಿಜಿಎಯನ್ನೂ ತೆಗೆದಿಟ್ಟುಕೊಳ್ಳಿ. ಅವುಗಳ ತೂಕನಷ್ಟ ಕಳೆಯದ ಲೆಕ್ಕ ಲೆಕ್ಕವಲ್ಲ.

6. ಡಿಎಲ್‌ಎಸ್‌ನಲ್ಲಿ (ಬೆಳಕಿನ ಚದುರುವಿಕೆಯಿಂದ ಕಣದ ಗಾತ್ರ ಅಳೆಯುವ ವಿಧಾನ) 20ರಿಂದ 40 ಡಿಗ್ರಿಯವರೆಗೆ ಮೆಲ್ಲಗೆ ಏರಿಸಿ, ಹಾಗೆಯೇ ಇಳಿಸಿ. ಇಳಿಸಿದಾಗ ಮೊದಲಿನ ಗಾತ್ರ ಮರಳದಿದ್ದರೆ ಕಣಗಳು ಒಂದಕ್ಕೊಂದು ಕಚ್ಚಿಕೊಂಡಿವೆ ಎಂದೇ ಶಂಕಿಸಿ. ಉಪ್ಪಿನ ಬಫರ್‌ನಲ್ಲಿ 32ರ ಗಡಿಯೂ ಕೆಳಗಿಳಿಯುತ್ತದೆ. ಔಷಧ ಸಾಗಣೆಯ ಕನಸಿದ್ದರೆ ಅಳತೆಯನ್ನು ಆ ಬಫರಿನಲ್ಲೇ ಮಾಡಿ.

7. ಓದಲು ದೂರ ಹುಡುಕಬೇಡಿ. ಔಷಧವನ್ನು ನಿಧಾನವಾಗಿ ಬಿಡುವ ಪಾಲಿಮರ್‌ಗಳ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ ಅಮಿನಭಾವಿಯವರ ತಂಡ ದೊಡ್ಡ ಕೆಲಸ ಮಾಡಿದೆ. ಆ ಪ್ರಬಂಧಗಳನ್ನು ಓದಿ. ಕೊನೆಯದಾಗಿ, ಮಾದರಿಯನ್ನು ಬೇರೆ ಲ್ಯಾಬಿಗೆ ಕಳಿಸುವಾಗ ಚೀಟಿಯ ಮೇಲೆ ಯಾವ ಉಷ್ಣಾಂಶದಲ್ಲಿ ಅಳೆಯಬೇಕೆಂದು ತಪ್ಪದೆ ಬರೆಯಿರಿ.