ಓದೂ ಉಂಟು, ದುಡಿಮೆಯೂ ಉಂಟು: ಅಮೆರಿಕದ ಮೊದಲ ಕೃಷಿ ವಿದ್ಯಾರ್ಥಿಗಳು

"ಓದಿದ ಮಗ ನೇಗಿಲು ಮುಟ್ಟುವುದಿಲ್ಲ" ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಆಗಾಗ ಕೇಳಿಬರುತ್ತದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ರೈತರಿಗೂ ಇದೇ ಅಂಜಿಕೆ ಇತ್ತು. ಅಲ್ಲಿನ ಹಳೆಯ ಕಾಲೇಜುಗಳು ಗ್ರೀಕ್, ಲ್ಯಾಟಿನ್ ಕಲಿಸಿ ಪಾದ್ರಿಗಳನ್ನೂ ವಕೀಲರನ್ನೂ ತಯಾರು ಮಾಡುತ್ತಿದ್ದವು. ಬೇಸಾಯಗಾರರ ಮಕ್ಕಳಿಗೆ ಅಲ್ಲಿ ಸಿಗುವಂಥದ್ದು ಹೆಚ್ಚೇನೂ ಇರಲಿಲ್ಲ. ಈ ಕೊರತೆಯನ್ನು ಅವರು ಹೇಗೆ ನೀಗಿಸಿಕೊಂಡರು ಎಂಬುದು ನಾವೂ ತಿಳಿಯತಕ್ಕ ವಿಷಯ.

ದಿನಕ್ಕೆ ಮೂರು ಗಂಟೆ ದುಡಿಮೆ

ಮಿಷಿಗನ್ ಕೃಷಿ ಕಾಲೇಜು 1857ರ ಮೇ ತಿಂಗಳಲ್ಲಿ ಲ್ಯಾನ್ಸಿಂಗ್ ಪಟ್ಟಣದ ಬಳಿ, ಕಾಡಿನ ನಡುವೆ ಪ್ರಾರಂಭವಾಯಿತು. ಪಾಠದ ಜೊತೆಗೆ ಪ್ರತಿ ವಿದ್ಯಾರ್ಥಿಯೂ ದಿನಕ್ಕೆ ಮೂರು ಗಂಟೆ ಮೈಮುರಿದು ದುಡಿಯಬೇಕಿತ್ತು. ಮರ ಕಡಿಯುವುದು, ಬೊಡ್ಡೆ ಕೀಳುವುದು, ಜೌಗು ನೆಲದ ನೀರು ಬಸಿಯುವಂತೆ ಕಾಲುವೆ ತೋಡುವುದು ಅವರ ಕೆಲಸ. ಇದಕ್ಕೆ ಅಲ್ಪ ಕೂಲಿಯೂ ದೊರೆಯುತ್ತಿತ್ತು. ಚಳಿಗಾಲದ ದೀರ್ಘ ರಜೆಯಲ್ಲಿ ಅನೇಕರು ಹಳ್ಳಿಯ ಶಾಲೆಗಳಲ್ಲಿ ಪಾಠ ಹೇಳಿ ಓದಿನ ಖರ್ಚು ಸಂಪಾದಿಸುತ್ತಿದ್ದರು. 1870ರಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶ ದೊರೆಯಿತು.

1861ರಲ್ಲಿ ಮೊದಲ ತಂಡ ಓದು ಮುಗಿಸುವ ಹೊತ್ತಿಗೆ ಅಂತರ್ಯುದ್ಧ ಆರಂಭವಾಗಿತ್ತು. ಪದವೀಧರರು ನೇರವಾಗಿ ಸೈನ್ಯ ಸೇರಿದರು. ಅವರಲ್ಲಿ ಇಬ್ಬರು ಮರಳಿ ಬರಲಿಲ್ಲ.

1862ರ ಜುಲೈ 2ರಂದು ಅಧ್ಯಕ್ಷ ಲಿಂಕನ್ ಮೊರಿಲ್ ಶಾಸನಕ್ಕೆ ಸಹಿ ಹಾಕಿದರು. ಒಂದು ರಾಜ್ಯಕ್ಕೆ ಕಾಂಗ್ರೆಸ್ಸಿನಲ್ಲಿದ್ದ ಪ್ರತಿ ಸದಸ್ಯನಿಗೆ 30,000 ಎಕರೆಯಂತೆ ಭೂಮಿ ನೀಡಿ, ಅದರ ಮಾರಾಟದ ಹಣದಿಂದ ಇಂಥ ಕಾಲೇಜುಗಳನ್ನು ನಡೆಸುವ ಏರ್ಪಾಡಾಯಿತು. ಆ ಭೂಮಿ ಮೂಲನಿವಾಸಿಗಳು ಕಳೆದುಕೊಂಡದ್ದು ಎಂಬುದನ್ನೂ ಮರೆಯುವಂತಿಲ್ಲ.

ಮೊದಲು ಗಿಡ, ಆಮೇಲೆ ಪುಸ್ತಕ

ಮಿಷಿಗನ್ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕ ವಿಲಿಯಂ ಬೀಲ್ ವಿದ್ಯಾರ್ಥಿಯ ಕೈಗೆ ಮೊದಲು ಗಿಡವನ್ನೇ ಕೊಟ್ಟು, ಕಂಡದ್ದನ್ನು ಹೇಳೆನ್ನುತ್ತಿದ್ದರು. ಮುಸುಕಿನ ಜೋಳದ ತಳಿಗಳನ್ನು ಸಂಕರಿಸಿ ಇಳುವರಿ ಹೆಚ್ಚಿಸಬಹುದೆಂದು ಮೊದಲಿಗೆ ತೋರಿಸಿದವರಲ್ಲಿ ಅವರೂ ಒಬ್ಬರು. ಅವರ ಶಿಷ್ಯ ಲಿಬರ್ಟಿ ಹೈಡ್ ಬೈಲಿ ಹಣ್ಣಿನ ತೋಟದ ರೈತನ ಮಗ. 1882ರಲ್ಲಿ ಪದವಿ ಪಡೆದು, ಮುಂದೆ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕರಾದರು. ರೈತರಿಗೂ ಹಳ್ಳಿ ಶಾಲೆಗಳಿಗೂ ಸರಳ ಕಿರುಹೊತ್ತಗೆಗಳನ್ನು ಹಂಚುವ ಕೆಲಸ ನಡೆಸಿದರು.

ಗಾಡಿಯಲ್ಲಿ ಬಂದ ಪಾಠ

ಜಾರ್ಜ್ ವಾಷಿಂಗ್ಟನ್ ಕಾರ್ವರ್ ಗುಲಾಮಗಿರಿಯಲ್ಲಿ ಹುಟ್ಟಿದವರು. ಕರಿಯನೆಂಬ ಕಾರಣಕ್ಕೆ ಒಂದು ಕಾಲೇಜು ಬಾಗಿಲಲ್ಲೇ ತಿರುಗಿಸಿ ಕಳುಹಿಸಿತು. ಅವರು ಬಟ್ಟೆ ಒಗೆದು ಹೊಟ್ಟೆ ಹೊರೆದರು. 1891ರಲ್ಲಿ ಅಯೋವ ಕೃಷಿ ಕಾಲೇಜು ಸೇರಿ, 1894ರಲ್ಲಿ ಪದವಿಯನ್ನೂ 1896ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಅನಂತರ ಅಲಬಾಮದ ಟಸ್ಕೀಗಿಗೆ ತೆರಳಿದರು. ಅಲ್ಲಿ ಸತತ ಹತ್ತಿ ಬೆಳೆಯಿಂದ ನೆಲ ಸತ್ವಹೀನವಾಗಿತ್ತು. ಅಲಸಂದೆ, ಕಡಲೆಕಾಯಿಯಂಥ ದ್ವಿದಳ ಬೆಳೆಗಳನ್ನು ಸರದಿಯಲ್ಲಿ ಬೆಳೆದರೆ ಮಣ್ಣಿಗೆ ಸಾರಜನಕ ಸೇರುವುದೆಂದು ಕಾರ್ವರ್ ತೋರಿಸಿದರು. 1906ರಲ್ಲಿ ಅವರ ಸಂಸ್ಥೆಯು ಉಪಕರಣಗಳನ್ನು ಗಾಡಿಗೆ ಹೇರಿ ಬಡ ರೈತರ ಹೊಲಕ್ಕೇ ಪಾಠವನ್ನು ಕೊಂಡೊಯ್ದಿತು.

ನಮಗೇನು ಪಾಠ?

ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಕಡೆ ತಂದ ಈ ಪದ್ಧತಿಯ ಮಾದರಿಯಲ್ಲೇ 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಇಂದು ನಮ್ಮ ಕೃಷಿ ವಿದ್ಯಾರ್ಥಿಗಳೂ ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ತಂಗಿ ರೈತರೊಡನೆ ಕಲಿಯುತ್ತಾರೆ.

ರೈತ ಬಾಂಧವರೇ, ಅವರು ನಿಮ್ಮೂರಿಗೆ ಬಂದಾಗ ಜಗಲಿಯ ಮೇಲೆ ಕೂರಿಸಿ ಕಳುಹಿಸಬೇಡಿ; ಹೊಲಕ್ಕೆ ಕರೆದೊಯ್ದು ಕೈಗೆ ಕುಡುಗೋಲು ಕೊಡಿ, ಅವರು ತಿಳಿದದ್ದನ್ನು ಕೇಳಿ ಪಡೆಯಿರಿ. ಓದಿನ ಕಾಲದಲ್ಲೇ ಕೈಗೆ ಮಣ್ಣು ಹತ್ತಿದರೆ, ಓದಿದ ಮಗನಾಗಲಿ ಮಗಳಾಗಲಿ ಹೊಲಕ್ಕೆ ದೂರವಾಗಬೇಕಿಲ್ಲ.