ಅನಿಲದಿಂದ ನಡೆಯುವ ದೊಡ್ಡ ನೀರು ಕಾಯಿಸುವ ಉಪಕರಣಗಳು: ಅನಿಲ ಕೊಳವೆ ಮತ್ತು ಬಸಿಗೊಳವೆಗಳ ಅಳವಡಿಕೆ

ವಸತಿಗೃಹ, ಉಪಾಹಾರ ಮಂದಿರ, ವಿದ್ಯಾರ್ಥಿನಿಲಯ, ಆಸ್ಪತ್ರೆ, ಕಾರ್ಖಾನೆಯ ಭೋಜನಶಾಲೆ ಮುಂತಾದ ಕಡೆಗಳಲ್ಲಿ ಬಿಸಿನೀರು ನಿತ್ಯದ ಅವಶ್ಯಕತೆ. ದೆಹಲಿಯಂತಹ ಉತ್ತರದ ನಗರಗಳಲ್ಲಿ ಚಳಿಗಾಲದ ಎರಡು ಮೂರು ತಿಂಗಳು ಇದು ಅನಿವಾರ್ಯವೇ ಆಗಿಬಿಡುತ್ತದೆ. ಕಲ್ಲಿದ್ದಲು, ಸೌದೆ ಮತ್ತು ಡೀಸೆಲ್ಲುಗಳ ಸ್ಥಾನವನ್ನು ಈಗ ಅನಿಲವು ಆಕ್ರಮಿಸುತ್ತಿದೆ. ಅನಿಲವು ಸ್ವಚ್ಛವಾದ ಇಂಧನವೆಂಬುದು ನಿಜ; ಆದರೆ ಅದನ್ನು ಉಪಕರಣದವರೆಗೆ ತರುವ ಕೊಳವೆಯೂ, ಉಪಕರಣದಿಂದ ನೀರನ್ನು ಹೊರಕ್ಕೊಯ್ಯುವ ಬಸಿಗೊಳವೆಯೂ ಸರಿಯಾಗಿದ್ದಾಗ ಮಾತ್ರ ಅದು ಸುರಕ್ಷಿತವಾದ ಇಂಧನವೂ ಆಗುತ್ತದೆ. ಸಾಮಾನ್ಯವಾಗಿ ಜನರು ಮೊದಲನೆಯದರ ಬಗೆಗೆ ಎಚ್ಚರ ವಹಿಸಿ ಎರಡನೆಯದನ್ನು ಅಲಕ್ಷಿಸುತ್ತಾರೆ. ಇವೆರಡೂ ಒಂದೇ ವ್ಯವಸ್ಥೆಯ ಎರಡು ತುದಿಗಳೆಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

ದೆಹಲಿಗೆ ಕೊಳವೆ ಅನಿಲ ಬಂದ ಬಗೆ

ಗುಜರಾತಿನ ಹಾಜಿರಾದಿಂದ ಮಧ್ಯಪ್ರದೇಶದ ವಿಜೈಪುರದ ಮೂಲಕ ಉತ್ತರ ಪ್ರದೇಶದ ಜಗದೀಶಪುರದವರೆಗೆ ಹಾಕಲಾದ ಮಹಾಕೊಳವೆಮಾರ್ಗವು ಉತ್ತರ ಭಾರತಕ್ಕೆ ನೈಸರ್ಗಿಕ ಅನಿಲವನ್ನು ತಂದಿತು. ರಾಜಧಾನಿಯಲ್ಲಿ ಈ ಅನಿಲವನ್ನು ಹಂಚುವ ಸಲುವಾಗಿ 1998ರಲ್ಲಿ ಇಂದ್ರಪ್ರಸ್ಥ ಗ್ಯಾಸ್ ಲಿಮಿಟೆಡ್ ಸಂಸ್ಥೆ ಸ್ಥಾಪಿತವಾಗಿ, 1999ರಲ್ಲಿ ನಗರದ ಅನಿಲ ವಿತರಣಾ ಯೋಜನೆಯನ್ನು ಗೇಲ್ ಸಂಸ್ಥೆಯಿಂದ ವಹಿಸಿಕೊಂಡಿತು. ತರುವಾಯ ನೋಯ್ಡಾ, ಗಾಜಿಯಾಬಾದ್ ಮುಂತಾದ ನೆರೆಯ ನಗರಗಳಿಗೂ ಕೊಳವೆ ಅನಿಲ ವಿಸ್ತರಿಸಿತು. ನಗರದ ಅನಿಲ ಜಾಲಗಳು ಅನುಸರಿಸಬೇಕಾದ ತಾಂತ್ರಿಕ ಹಾಗೂ ಸುರಕ್ಷತಾ ಮಾನಕಗಳನ್ನು ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯು 2008ರಲ್ಲಿ ವಿಧಿಸಿತು.

ವಾಯುಮಾಲಿನ್ಯದ ನಿವಾರಣೆಗಾಗಿ ರಾಷ್ಟ್ರ ರಾಜಧಾನಿ ಪ್ರದೇಶದ ಉದ್ಯಮಗಳಲ್ಲಿಯೂ ವಾಣಿಜ್ಯ ಬಳಕೆಯಲ್ಲಿಯೂ ಕಲ್ಲಿದ್ದಲನ್ನು ಉರಿಸುವುದನ್ನು 2023ರ ಜನವರಿ 1ರಿಂದ ನಿಷೇಧಿಸಲಾಯಿತು. ಉಷ್ಣವಿದ್ಯುತ್ ಸ್ಥಾವರಗಳಿಗೆ ಮಾತ್ರ ವಿನಾಯಿತಿ ದೊರೆಯಿತು. ಇದರ ಪರಿಣಾಮವಾಗಿ ಅನೇಕ ಸಂಸ್ಥೆಗಳು ಹಳೆಯ ಒಲೆಗಳನ್ನು ಕಳಚಿ ಅನಿಲದ ಉಪಕರಣಗಳನ್ನು ಅಳವಡಿಸಿಕೊಳ್ಳಬೇಕಾಯಿತು. ದೆಹಲಿ, ಗುರುಗ್ರಾಮ, ನೋಯ್ಡಾಗಳಲ್ಲಿ ಭೋಜನಶಾಲೆ, ವಸತಿನಿಲಯಗಳನ್ನು ನಡೆಸುವ ಕನ್ನಡಿಗರಿಗೂ, ಕೊಳವೆ ಅನಿಲ ಲಭ್ಯವಾಗಿರುವ ಬೆಂಗಳೂರು, ಮಂಗಳೂರುಗಳ ನಾಗರಿಕರಿಗೂ ಈ ವಿಷಯ ಸಮಾನವಾಗಿ ಪ್ರಸ್ತುತವಾಗಿದೆ.

ಅನಿಲದ ಸ್ವಭಾವ

ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದ ಮುಖ್ಯ ಅಂಶ ಮೀಥೇನ್. ಇದು ಗಾಳಿಗಿಂತ ಹಗುರ. ಸೋರಿದಾಗ ಮೇಲಕ್ಕೇರಿ ಛಾವಣಿಯ ಕೆಳಗೆ ಸಂಗ್ರಹವಾಗುತ್ತದೆ. ಸಿಲಿಂಡರುಗಳಲ್ಲಿ ಬರುವ ಎಲ್.ಪಿ.ಜಿ.ಯಾದರೋ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ನೆಲದ ಮೇಲೆ ಹರಡಿ ತಗ್ಗಿನಲ್ಲಿ, ಚರಂಡಿಯಲ್ಲಿ, ನೆಲಮಾಳಿಗೆಯಲ್ಲಿ ನಿಲ್ಲುತ್ತದೆ. ಆದುದರಿಂದ ನೈಸರ್ಗಿಕ ಅನಿಲವಿರುವ ಕೋಣೆಗೆ ಛಾವಣಿಯ ಸಮೀಪದಲ್ಲಿಯೂ, ಎಲ್.ಪಿ.ಜಿ. ಇರುವ ಕೋಣೆಗೆ ನೆಲಮಟ್ಟದಲ್ಲಿಯೂ ಗಾಳಿಕಿಂಡಿಗಳು ಇರತಕ್ಕದ್ದು. ಸೋರಿಕೆ ಸೂಚಕವನ್ನು ಅಳವಡಿಸುವ ಎತ್ತರವೂ ಇದೇ ರೀತಿ ಬೇರೆ ಬೇರೆಯಾಗುತ್ತದೆ.

ಗಾಳಿಯಲ್ಲಿ ಮೀಥೇನಿನ ಪ್ರಮಾಣವು ಶೇಕಡಾ 5ರಿಂದ 15ರ ನಡುವೆ ಇದ್ದಾಗ ಒಂದು ಸಣ್ಣ ಕಿಡಿಯೂ ಸ್ಫೋಟವನ್ನುಂಟುಮಾಡಬಲ್ಲದು. ಮೀಥೇನಿಗೆ ತನ್ನದೇ ಆದ ವಾಸನೆಯಿಲ್ಲ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ, ಕಟ್ಟಡವನ್ನು ಬೆಚ್ಚಗಿಡಲು ತಂದಿದ್ದ ಅನಿಲವು ಸೋರಿ ನೆಲದಡಿಯ ಖಾಲಿ ಜಾಗದಲ್ಲಿ ತುಂಬಿಕೊಂಡಿತ್ತು. ವಾಸನೆಯಿಲ್ಲದ ಕಾರಣ ಯಾರಿಗೂ ತಿಳಿಯಲಿಲ್ಲ. ಸಂಭವಿಸಿದ ಸ್ಫೋಟದಲ್ಲಿ ಮಕ್ಕಳು, ಉಪಾಧ್ಯಾಯರು ಸೇರಿ ಸುಮಾರು 300 ಮಂದಿ ಮೃತಪಟ್ಟರು. ಅನಿಲಕ್ಕೆ ಮರ್ಕ್ಯಾಪ್ಟನ್ ಎಂಬ ತೀಕ್ಷ್ಣ ದುರ್ವಾಸನೆಯ ದ್ರವ್ಯವನ್ನು ಬೆರೆಸುವುದನ್ನು ಕಡ್ಡಾಯಗೊಳಿಸುವ ಕಾನೂನು ಆ ದುರಂತದ ತರುವಾಯ ಬಂದಿತು. ಇಂದು ನಮ್ಮ ಮೂಗಿಗೆ ಬಡಿಯುವ ಆ ವಾಸನೆಯು ಉಪದ್ರವವಲ್ಲ, ಎಚ್ಚರಿಕೆಯ ಗಂಟೆ.

ಮೊದಲು ಲೆಕ್ಕ, ಅನಂತರ ಕೊಳವೆ

ಕೊಳವೆಯ ಗಾತ್ರವನ್ನು ಅಂದಾಜಿನಿಂದ ನಿರ್ಧರಿಸಲಾಗದು. ಒಂದು ಉದಾಹರಣೆಯನ್ನು ನೋಡೋಣ. ನೂರು ಮಂದಿಯ ವಿದ್ಯಾರ್ಥಿನಿಲಯಕ್ಕೆ ಬೆಳಗಿನ ಹೊತ್ತು 2000 ಲೀಟರ್ ಬಿಸಿನೀರು ಬೇಕೆಂದಿಟ್ಟುಕೊಳ್ಳಿ. ಜನವರಿಯಲ್ಲಿ ತೊಟ್ಟಿಯ ನೀರು 10 ಡಿಗ್ರಿ ಸೆಲ್ಸಿಯಸ್ ಇದ್ದು, ಅದನ್ನು 60 ಡಿಗ್ರಿಗೆ ಏರಿಸಬೇಕಾಗಿದ್ದರೆ 1,00,000 ಕಿಲೋಕ್ಯಾಲರಿ ಉಷ್ಣ ಬೇಕು. ಒಂದು ಘನಮೀಟರ್ ನೈಸರ್ಗಿಕ ಅನಿಲದಿಂದ ಸುಮಾರು 8,600 ಕಿಲೋಕ್ಯಾಲರಿ ದೊರೆಯುವುದೆಂದೂ, ಉಪಕರಣದ ದಕ್ಷತೆ ಶೇಕಡಾ 85 ಎಂದೂ ಹಿಡಿದರೆ ತಗಲುವ ಅನಿಲ ಸುಮಾರು 13.7 ಘನಮೀಟರ್. ಗಂಟೆಗೆ 6 ಘನಮೀಟರ್ ಅನಿಲ ಉರಿಸುವ, ಅಂದರೆ 60 ಕಿಲೋವಾಟ್ ಶಕ್ತಿಯ ಉಪಕರಣವು ಈ ಕೆಲಸವನ್ನು ಎರಡೂಕಾಲು ಗಂಟೆಗಳಲ್ಲಿ ಮುಗಿಸುತ್ತದೆ.

ಈಗ ಕೊಳವೆಯ ವಿಚಾರ. ಮನೆಗಳಿಗೆ ಅನಿಲವು ಸಾಮಾನ್ಯವಾಗಿ 21 ಮಿಲಿಬಾರ್ ಒತ್ತಡದಲ್ಲಿ ಬರುತ್ತದೆ. ಇದು ಸುಮಾರು 21 ಸೆಂಟಿಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮಾನ. ಬೈಸಿಕಲ್ ಗಾಲಿಯೊಳಗಿನ ಒತ್ತಡದ ನೂರನೆಯ ಒಂದು ಪಾಲಿಗಿಂತ ಹೆಚ್ಚಲ್ಲ. ಇಷ್ಟು ಅಲ್ಪವಾದ ಒತ್ತಡದ ಅನಿಲವು ಸಣ್ಣ ಕೊಳವೆಯಲ್ಲಿ ದೂರ ಸಾಗಿದರೆ, ಹಲವು ಎಲ್ಬೋಗಳಲ್ಲಿ ತಿರುಗಿದರೆ, ತುದಿ ಮುಟ್ಟುವಷ್ಟರಲ್ಲಿ ಮತ್ತಷ್ಟು ಕುಂದುತ್ತದೆ. ಅಡುಗೆಮನೆಗೆಂದು ಹಾಕಿದ ಕೊಳವೆಗೇ ದೊಡ್ಡ ಉಪಕರಣವೊಂದನ್ನು ಜೋಡಿಸಿದರೆ, ಅದು ಹೊತ್ತಿಕೊಂಡ ಕೂಡಲೇ ಒಲೆಗಳ ಜ್ವಾಲೆ ಕುಗ್ಗಬಹುದು, ಆರಿಯೂ ಹೋಗಬಹುದು. ಆದುದರಿಂದ ವಾಣಿಜ್ಯ ಬಳಕೆಗೆ ಬೇಕಾದ ಒತ್ತಡ, ಮೀಟರಿನ ಸಾಮರ್ಥ್ಯ ಮತ್ತು ಕೊಳವೆಯ ವ್ಯಾಸವನ್ನು ಉಪಕರಣಗಳ ಒಟ್ಟು ಬೇಡಿಕೆ ಹಾಗೂ ಕೊಳವೆಯ ಒಟ್ಟು ಉದ್ದದ ಮೇಲಿಂದ ವಿತರಣಾ ಸಂಸ್ಥೆಯ ತಂತ್ರಜ್ಞರೇ ಲೆಕ್ಕಹಾಕಿ ಗೊತ್ತುಪಡಿಸತಕ್ಕದ್ದು.

ಅನಿಲ ಕೊಳವೆಯ ಅಳವಡಿಕೆ

ಬೀದಿಯ ಅಡಿಯಲ್ಲಿ ಸಾಗುವ ಪಾಲಿಎಥಿಲೀನ್ ಕೊಳವೆಯು ಬಿಸಿಲನ್ನು ತಾಳಲಾರದಾದ್ದರಿಂದ ಅದು ಭೂಮಿಯೊಳಗೆ ಮಾತ್ರ ಇರತಕ್ಕದ್ದು. ಕಟ್ಟಡದ ಮೇಲೆ ಮತ್ತು ಒಳಗೆ ಸತುವಿನ ಲೇಪವಿರುವ ಉಕ್ಕಿನ ಕೊಳವೆ, ಅಂದರೆ ಜಿ.ಐ. ಪೈಪು, ಅಥವಾ ಅನುಮೋದಿತ ತಾಮ್ರದ ಕೊಳವೆ ಬಳಕೆಯಲ್ಲಿದೆ. ಜಿ.ಐ. ಕೊಳವೆಗೆ ಭಾರತೀಯ ಮಾನಕ 1239 ಅನ್ವಯಿಸುತ್ತದೆ. ನೀರಿಗೆ ಬಳಸುವ ಪ್ಲಾಸ್ಟಿಕ್ ಕೊಳವೆಯನ್ನಾಗಲಿ, ಬಳಸಿಬಿಟ್ಟ ಹಳೆಯ ಕೊಳವೆಯನ್ನಾಗಲಿ ಅನಿಲಕ್ಕೆ ಎಂದಿಗೂ ಉಪಯೋಗಿಸಕೂಡದು.

ಕೊಳವೆಯು ಕಣ್ಣಿಗೆ ಕಾಣುವಂತೆ ಗೋಡೆಯ ಹೊರಮೈಮೇಲೆ ಸಾಗಬೇಕು. ಅಂದಕ್ಕಾಗಿ ಅದನ್ನು ಗಾರೆಯೊಳಗೆ ಹುದುಗಿಸಿದರೆ ತುಕ್ಕು ಹಿಡಿದದ್ದೂ ತಿಳಿಯದು, ಸೋರಿದ ಸ್ಥಳವೂ ಸಿಗದು. ಗೋಡೆಯನ್ನು ದಾಟುವೆಡೆಯಲ್ಲಿ ಅದಕ್ಕಿಂತ ದೊಡ್ಡದಾದ ಇನ್ನೊಂದು ಕೊಳವೆಯ ಕವಚವಿರಬೇಕು. ಮಲಗುವ ಕೋಣೆ, ಲಿಫ್ಟಿನ ಬಾವಿ, ವಿದ್ಯುತ್ ತಂತಿಗಳ ಕಾಲುವೆ ಇವುಗಳ ಮೂಲಕ ಕೊಳವೆಯನ್ನು ಒಯ್ಯಲಾಗದು. ಕೊಳವೆಯ ಭಾರವನ್ನು ಗೋಡೆಯ ಹಿಡಿಕೆಗಳು ಹೊರಬೇಕೇ ಹೊರತು ಉಪಕರಣವಲ್ಲ.

ಕಟ್ಟಡದ ಹೊರಗೆ, ಸುಲಭವಾಗಿ ಕೈಗೆಟುಕುವ ಸ್ಥಳದಲ್ಲಿ ಮುಖ್ಯ ಕವಾಟವಿರತಕ್ಕದ್ದು. ಪ್ರತಿಯೊಂದು ಉಪಕರಣದ ಬಳಿಯೂ ಬೇರೊಂದು ಕವಾಟವಿರಬೇಕು. ಉಪಕರಣಕ್ಕೆ ತಿರುಗುವ ಮುನ್ನ ಕೊಳವೆಯನ್ನು ಸ್ವಲ್ಪ ಕೆಳಕ್ಕೆ ಮುಂದುವರಿಸಿ ತುದಿಯನ್ನು ಮುಚ್ಚಿದರೆ ತುಕ್ಕಿನ ಪುಡಿ, ಕಸ ಅಲ್ಲಿಯೇ ನಿಂತು ಬರ್ನರಿನ ಸೂಕ್ಷ್ಮ ರಂಧ್ರಗಳು ಉಳಿದುಕೊಳ್ಳುತ್ತವೆ. ಎಲ್.ಪಿ.ಜಿ.ಗಾಗಿ ತಯಾರಾದ ಉಪಕರಣವನ್ನು ಕೊಳವೆ ಅನಿಲಕ್ಕೆ ಬದಲಿಸುವಾಗ ಜೆಟ್ಟುಗಳನ್ನು ಬದಲಾಯಿಸಿ ಒತ್ತಡವನ್ನು ಹೊಂದಿಸುವುದು ಅಗತ್ಯ. ಇದು ತಯಾರಕರ ಅಧಿಕೃತ ತಂತ್ರಜ್ಞರ ಕೆಲಸ.

ಜೋಡಣೆ ಮುಗಿದ ಮೇಲೆ ಕೊಳವೆಗೆ ಗಾಳಿಯನ್ನೋ ನೈಟ್ರೋಜನನ್ನೋ ತುಂಬಿ, ನಿಗದಿತ ಕಾಲದವರೆಗೆ ಒತ್ತಡಮಾಪಕದ ಮುಳ್ಳು ಇಳಿಯದಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಈ ಪರೀಕ್ಷೆಗೆ ಆಮ್ಲಜನಕವನ್ನು ಬಳಸುವುದು ಅಪಾಯಕರ. ಕೀಲುಗಳನ್ನು ಸಾಬೂನು ನೀರಿನಿಂದ ಪರೀಕ್ಷಿಸಬೇಕು. ಬೆಂಕಿಕಡ್ಡಿಯಿಂದ ಸೋರಿಕೆಯನ್ನು ಹುಡುಕುವುದು ಪ್ರಾಣವನ್ನು ಪಣಕ್ಕಿಟ್ಟಂತೆ. ಪರೀಕ್ಷೆಯ ಲಿಖಿತ ವರದಿಯನ್ನು ಪಡೆದು ಕಾಯ್ದಿರಿಸಿಕೊಳ್ಳುವುದು ಮಾಲೀಕರ ಕರ್ತವ್ಯ.

ಬಸಿಗೊಳವೆ ಏಕೆ ಬೇಕು?

ಅನಿಲ ಉರಿದಾಗ ನೀರು ಹುಟ್ಟುತ್ತದೆಂಬುದು ಅನೇಕರಿಗೆ ಆಶ್ಚರ್ಯದ ಸಂಗತಿ. ಒಂದು ಘನಮೀಟರ್ ಮೀಥೇನ್ ಉರಿದಾಗ ಎರಡು ಘನಮೀಟರ್ ನೀರಾವಿ ಉತ್ಪತ್ತಿಯಾಗುತ್ತದೆ. ಅದೆಲ್ಲವೂ ಹನಿಗಟ್ಟಿದರೆ ಸುಮಾರು 1.6 ಲೀಟರ್ ನೀರು. ಹಳೆಯ ಮಾದರಿಯ ಉಪಕರಣಗಳಲ್ಲಿ ಈ ಆವಿಯು ಬಿಸಿಹೊಗೆಯೊಂದಿಗೆ ಹೊರಟುಹೋಗುತ್ತದೆ. ಕಂಡೆನ್ಸಿಂಗ್ ಎಂಬ ಹೊಸ ಮಾದರಿಯವುಗಳಲ್ಲಿ ಹೊಗೆಯನ್ನು ತಣಿಸಿ, ಆವಿಯನ್ನು ಹನಿಗಟ್ಟಿಸಿ, ಅದರಲ್ಲಡಗಿದ ಉಷ್ಣವನ್ನೂ ಬಳಸಿಕೊಳ್ಳಲಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಗಂಟೆಗೆ 6 ಘನಮೀಟರ್ ಉರಿಸುವ ಉಪಕರಣದಿಂದ ಪೂರ್ಣವಾಗಿ ಹನಿಗಟ್ಟಿದಲ್ಲಿ 9 ಲೀಟರಿಗೂ ಹೆಚ್ಚು ನೀರು ಬರಬಹುದು.

ಈ ನೀರು ಶುದ್ಧವಲ್ಲ. ಹೊಗೆಯ ಅಂಶಗಳು ಕರಗಿರುವುದರಿಂದ ಅದು ಆಮ್ಲೀಯ. ಜಿ.ಐ. ಮತ್ತು ತಾಮ್ರದ ಕೊಳವೆಗಳನ್ನು ಅದು ಕ್ರಮೇಣ ತಿನ್ನುತ್ತದೆ, ಸಿಮೆಂಟನ್ನೂ ಕೆಡಿಸುತ್ತದೆ. ಆದುದರಿಂದ ಇದಕ್ಕೆ ಆಮ್ಲವನ್ನು ತಾಳುವ ಪ್ಲಾಸ್ಟಿಕ್ ಕೊಳವೆಯನ್ನು, ಉದ್ದಕ್ಕೂ ಇಳಿಜಾರು ಇರುವಂತೆ ಹಾಕಬೇಕು. ಚರಂಡಿಗೆ ಬಿಡುವ ಮುನ್ನ ಸುಣ್ಣಕಲ್ಲು ಅಥವಾ ಅಮೃತಶಿಲೆಯ ಚೂರುಗಳಿರುವ ಪೆಟ್ಟಿಗೆಯ ಮೂಲಕ ಹಾಯಿಸಿದರೆ ಆಮ್ಲತೆ ಶಮನವಾಗುತ್ತದೆ. ಚೂರುಗಳು ಕರಗುತ್ತ ಹೋಗುವುದರಿಂದ ಕಾಲಕಾಲಕ್ಕೆ ಅವನ್ನು ತುಂಬಬೇಕು.

ಬಸಿಗೊಳವೆಯಲ್ಲಿ ಅತಿ ಮುಖ್ಯವಾದುದು ಟ್ರ್ಯಾಪ್ ಎಂಬ ಬಾಗು. ಅದರಲ್ಲಿ ಸದಾ ನಿಂತಿರುವ ನೀರು ಹೊಗೆಯನ್ನು ಕೋಣೆಯೊಳಕ್ಕೆ ಬಿಡದೆ ತಡೆಯುತ್ತದೆ. ದೆಹಲಿಯಲ್ಲಿ ಚಳಿಗಾಲ ಕಳೆದ ಮೇಲೆ ಅನೇಕ ಉಪಕರಣಗಳು ತಿಂಗಳುಗಟ್ಟಲೆ ನಿಂತಿರುತ್ತವೆ. ಮೇ–ಜೂನ್ ತಿಂಗಳ ಬಿಸಿಲಿಗೆ ಟ್ರ್ಯಾಪಿನ ನೀರು ಆರಿಹೋಗುತ್ತದೆ. ನವೆಂಬರಿನಲ್ಲಿ ಹಾಗೆಯೇ ಹೊತ್ತಿಸಿದರೆ ಹೊಗೆಯು, ಅದರೊಡನೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ, ಆ ದಾರಿಯಿಂದ ಕೋಣೆಗೆ ನುಗ್ಗಬಹುದು. ಈ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅನಿಲಕ್ಕೆ ಬೆರೆಸಿದ ದುರ್ವಾಸನೆಯ ದ್ರವ್ಯವೂ ಉರಿದುಹೋಗಿರುವುದರಿಂದ ಮೂಗು ಇಲ್ಲಿ ಸಹಾಯಕ್ಕೆ ಬಾರದು. ಪ್ರತಿ ವರ್ಷ ಮೊದಲ ಸಲ ಹೊತ್ತಿಸುವ ಮುನ್ನ ಟ್ರ್ಯಾಪಿಗೆ ನೀರು ತುಂಬಿಸುವ ಒಂದು ಸಣ್ಣ ಕ್ರಮವು ಈ ಅಪಾಯವನ್ನು ತಪ್ಪಿಸುತ್ತದೆ.

ಸುರಕ್ಷಾ ಕವಾಟದ ನೀರು

ನೀರು ಕಾದಂತೆ ಹಿಗ್ಗುತ್ತದೆ. 500 ಲೀಟರ್ ನೀರು 10 ಡಿಗ್ರಿಯಿಂದ 60 ಡಿಗ್ರಿಗೆ ಏರಿದಾಗ ಸುಮಾರು 8 ಲೀಟರಿನಷ್ಟು ಹೆಚ್ಚು ಸ್ಥಳವನ್ನು ಬೇಡುತ್ತದೆ. ತಾಪನಿಯಂತ್ರಕ ಕೆಟ್ಟು ಒತ್ತಡ ಮಿತಿಮೀರಿದಾಗ ಸುರಕ್ಷಾ ಕವಾಟವು ತಾನಾಗಿ ತೆರೆದುಕೊಂಡು ಪಾತ್ರೆಯು ಒಡೆಯದಂತೆ ಕಾಪಾಡುತ್ತದೆ. ಅದರಿಂದ ಹೊರಡುವ ನೀರು ಕುದಿಯುವಷ್ಟು ಬಿಸಿಯಾಗಿರುವುದರಿಂದ ಅದಕ್ಕೆ ಪ್ರತ್ಯೇಕವಾದ, ಶಾಖವನ್ನು ತಾಳುವ ಕೊಳವೆ ಬೇಕು. ಈ ಕೊಳವೆಯ ವ್ಯಾಸವನ್ನು ಎಲ್ಲಿಯೂ ಕಿರಿದುಗೊಳಿಸಕೂಡದು. ಅದರಲ್ಲಿ ಯಾವ ಕವಾಟವನ್ನೂ ಇಡಕೂಡದು. ತುದಿಗೆ ಬಿರಡೆ ಹಾಕಕೂಡದು. ನೀರು ತೊಟ್ಟಿಕ್ಕುತ್ತದೆಂಬ ಬೇಸರದಿಂದ ತುದಿಯನ್ನು ಮುಚ್ಚಿದರೆ ಉಪಕರಣದ ಕೊನೆಯ ರಕ್ಷಣೆಯನ್ನೇ ಮುಚ್ಚಿದಂತಾಗುತ್ತದೆ. ಕೊಳವೆಯ ತುದಿಯು ನೆಲದ ಸಮೀಪದಲ್ಲಿ, ಚರಂಡಿಯ ಬಾಯಿಂದ ಸ್ವಲ್ಪ ಮೇಲೆ, ಎಲ್ಲರಿಗೂ ಕಾಣುವಂತೆ ಆದರೆ ಯಾರ ಮೈಮೇಲೂ ಸಿಡಿಯದಂತೆ ಇರಬೇಕು.

ಪಾತ್ರೆಯ ತಳದಲ್ಲಿ ಇನ್ನೊಂದು ಬಸಿಗೊಳವೆಯೂ ಇರುತ್ತದೆ. ರಾಜಧಾನಿ ಪ್ರದೇಶದ ಹಲವೆಡೆ ಕೊಳವೆಬಾವಿಯ ನೀರು ಗಡುಸಾಗಿರುವುದರಿಂದ ಸುಣ್ಣದ ಗಸಿ ಬೇಗನೆ ಕಟ್ಟುತ್ತದೆ. ಅದನ್ನು ಆಗಾಗ ಹೊರಬಿಡದಿದ್ದರೆ ಇಂಧನ ವ್ಯರ್ಥವಾಗುತ್ತದೆ, ಉಪಕರಣದ ಆಯುಸ್ಸೂ ಕುಗ್ಗುತ್ತದೆ.

ಗಾಳಿ ಮತ್ತು ಹೊಗೆ

ಒಂದು ಘನಮೀಟರ್ ಅನಿಲ ಪೂರ್ಣವಾಗಿ ಉರಿಯಲು ಸುಮಾರು 10 ಘನಮೀಟರ್ ಗಾಳಿ ಬೇಕು. ನಮ್ಮ ಉದಾಹರಣೆಯ ಉಪಕರಣಕ್ಕೆ ಗಂಟೆಗೆ 60 ಘನಮೀಟರ್. ಚಳಿಗೆ ಅಂಜಿಯೋ, ಹೊರಗಿನ ಕಲುಷಿತ ಗಾಳಿಗೆ ಹೆದರಿಯೋ ಗಾಳಿಕಿಂಡಿಗಳಿಗೆ ರಟ್ಟು ಬಡಿಯುವ ರೂಢಿ ಉತ್ತರದಲ್ಲಿದೆ. ಗಾಳಿ ಸಾಲದೆ ದಹನ ಅಪೂರ್ಣವಾದಾಗ ಕಾರ್ಬನ್ ಮಾನಾಕ್ಸೈಡ್ ಹೆಚ್ಚುತ್ತದೆ. ನೀಲಿಯಾಗಿರಬೇಕಾದ ಜ್ವಾಲೆ ಹಳದಿಗೆ ತಿರುಗುವುದು, ಮಸಿ ಹಿಡಿಯುವುದು, ಕೆಲಸಗಾರರಿಗೆ ತಲೆನೋವು, ತಲೆಸುತ್ತು, ಓಕರಿಕೆ ಬರುವುದು ಇದರ ಸೂಚನೆಗಳು. ಉಪಕರಣವಿರುವ ಕೋಣೆಯಲ್ಲಿ ಬೆಚ್ಚಗಿರುತ್ತದೆಂದು ಕೆಲಸದ ಹುಡುಗರು ಮಲಗುವುದುಂಟು. ಇದಕ್ಕೆ ಎಂದೂ ಅವಕಾಶ ಕೊಡಕೂಡದು. ಅವರಿಗೆ ಬೆಚ್ಚನೆಯ ಬೇರೆ ಸ್ಥಳವನ್ನು ಒದಗಿಸುವುದು ಮಾಲೀಕರ ಹೊಣೆ.

ಅನಿಲದ ವಾಸನೆ ಬಂದಾಗ

ಮೊದಲು ಜ್ವಾಲೆಗಳನ್ನು ಆರಿಸಿ ಮುಖ್ಯ ಕವಾಟವನ್ನು ಮುಚ್ಚಬೇಕು. ಬಾಗಿಲು, ಕಿಟಕಿಗಳನ್ನು ತೆರೆಯಬೇಕು. ವಿದ್ಯುತ್ ಸ್ವಿಚ್ಚುಗಳನ್ನು ಹಾಕುವುದಾಗಲಿ ಆರಿಸುವುದಾಗಲಿ ಕೂಡದು; ಗಾಳಿ ಹೊರಹಾಕುವ ಪಂಖವನ್ನೂ ಆಗ ಚಾಲೂ ಮಾಡಬಾರದು. ಎಲ್ಲರನ್ನೂ ಹೊರಗೆ ಕಳುಹಿಸಿದ ಬಳಿಕ, ಹೊರಗಿನಿಂದಲೇ ದೂರವಾಣಿ ಮಾಡಬೇಕು. ಕೊಳವೆ ಅನಿಲಕ್ಕೆ ವಿತರಣಾ ಸಂಸ್ಥೆಯ ತುರ್ತು ಸಂಖ್ಯೆಯನ್ನೂ, ಎಲ್.ಪಿ.ಜಿ. ಸೋರಿಕೆಗೆ 1906 ಸಂಖ್ಯೆಯನ್ನೂ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿ ಗೋಡೆಯ ಮೇಲೆ ಬರೆಯಿಸಿಡತಕ್ಕದ್ದು.

2015ರ ಅಕ್ಟೋಬರ್ 16ರಂದು ಮುಂಬಯಿಯ ಕುರ್ಲಾದ ಉಪಾಹಾರ ಗೃಹವೊಂದರಲ್ಲಿ ಅಡುಗೆ ಅನಿಲದಿಂದಾದ ಸ್ಫೋಟ ಮತ್ತು ಬೆಂಕಿಯಲ್ಲಿ ಊಟಕ್ಕೆಂದು ಬಂದಿದ್ದ ತರುಣರೂ ಸೇರಿ 8 ಮಂದಿ ಅಸುನೀಗಿದರು. ಸಾರ್ವಜನಿಕರು ಬಂದುಹೋಗುವ ಸ್ಥಳದಲ್ಲಿ ಅನಿಲವನ್ನು ಬಳಸುವವರು ತಮ್ಮ ಜೀವಕ್ಕೆ ಮಾತ್ರವಲ್ಲದೆ ಪರಿಚಯವೇ ಇಲ್ಲದವರ ಜೀವಕ್ಕೂ ಹೊಣೆಗಾರರು.

ಉಪಕರಣದ ಬೆಲೆಯೊಡನೆ ಹೋಲಿಸಿದರೆ ಕೊಳವೆಗಳ ಸರಿಯಾದ ಅಳವಡಿಕೆಗೆ ತಗಲುವ ವೆಚ್ಚ ಅಲ್ಪ. ಅನುಮತಿ ಪಡೆದ ತಂತ್ರಜ್ಞರಿಂದಲೇ ಕೆಲಸ ಮಾಡಿಸುವುದು, ವರ್ಷಕ್ಕೊಮ್ಮೆ ಚಳಿಗಾಲಕ್ಕೆ ಮುನ್ನ ಅನಿಲ ಕೊಳವೆ, ಹೊಗೆಕೊಳವೆ, ಬಸಿಗೊಳವೆ ಮೂರನ್ನೂ ಪರೀಕ್ಷಿಸುವುದು, ಪರೀಕ್ಷೆಯ ದಿನಾಂಕವನ್ನು ಉಪಕರಣದ ಮೇಲೆಯೇ ಬರೆದಿಡುವುದು, ಈ ಮೂರು ನಿಯಮಗಳನ್ನು ಪಾಲಿಸಿದಲ್ಲಿ ಅನಿಲವು ನಂಬಿಗಸ್ತ ಸೇವಕನಾಗಿ ಬಹುಕಾಲ ದುಡಿಯುತ್ತದೆ.