ದಿನಕ್ಕೊಂದು ಆಕಾರದ ಧಾರಣೆ ಪಟ್ಟಿ

ಅಡಿಕೆ ಧಾರಣೆಯನ್ನು ವೆಬ್ ಪುಟದಲ್ಲಿ ತೋರಿಸುವುದು ಮೇಲ್ನೋಟಕ್ಕೆ ಸಣ್ಣ ಕೆಲಸ. ಮಾರುಕಟ್ಟೆ, ಬಗೆ, ಕನಿಷ್ಠ, ಗರಿಷ್ಠ, ಮಾದರಿ ಬೆಲೆ ಎಂದು ಐದು ಕಾಲಂ ಹಾಕಿದರೆ ಮುಗಿಯಿತು ಅನ್ನಿಸುತ್ತದೆ. ಆದರೆ ಶಿವಮೊಗ್ಗದಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ನಡೆದರೆ ಶಿರಸಿಯಲ್ಲಿ ಚಾಲಿ, ಬಿಳೆಗೊಟು, ಕೆಂಪುಗೊಟುಗಳೂ ಸೇರುತ್ತವೆ. ನಿನ್ನೆ ಆವಕವಾದ ಬಗೆ ಇವತ್ತು ಬರದೇ ಇರಬಹುದು. ಒಂದೇ ಮಾರುಕಟ್ಟೆಗೆ ಒಂದು ದಿನ ಎರಡು ಸಾಲು, ಮರುದಿನ ಆರು. ಬೆಳೆಗಾರರ ಸಂಘವೊಂದಕ್ಕೆ ಇಂಥ ಪಟ್ಟಿಯನ್ನು ವರ್ಷಗಟ್ಟಲೆ ನೋಡಿಕೊಂಡ ನನಗೆ ಒಂದು ಮಾತು ಗಟ್ಟಿಯಾಗಿದೆ: ಕೋಷ್ಟಕದ ಆಕಾರವನ್ನು ಟೆಂಪ್ಲೇಟಿಗೆ ತೀರ್ಮಾನಿಸಲು ಬಿಡಬಾರದು. ಮಾಹಿತಿ ಟೆಂಪ್ಲೇಟಿನ ಕೈಸೇರುವ ಮುಂಚೆಯೇ ಆ ತೀರ್ಮಾನ ಆಗಿರಬೇಕು.

ಮಾರುಕಟ್ಟೆಯ ಹೆಸರನ್ನು ಪ್ರತಿ ಸಾಲಿನಲ್ಲೂ ಬರೆಯದೆ ಒಂದೇ ಸಲ ಬರೆದು, ಆ ಕೋಶವನ್ನು ಕೆಳಗಿನ ಸಾಲುಗಳಿಗೂ ಚಾಚುವುದು ವಾಡಿಕೆ. ಅದಕ್ಕೆ ರೋಸ್ಪ್ಯಾನ್ ಬಳಸುತ್ತೇವೆ. ಈ ಮಾರುಕಟ್ಟೆಗೆ ನಾಲ್ಕು ಬಗೆ ಇವೆಯೆಂದರೆ ರೋಸ್ಪ್ಯಾನ್ ನಾಲ್ಕು. ಈಗ ಟೆಂಪ್ಲೇಟಿನೊಳಗೆ ಯಾರೋ ‘ಆವಕ ಇಲ್ಲದ ಬಗೆಯನ್ನು ತೋರಿಸಬೇಡ’ ಎಂಬ ಷರತ್ತು ಸೇರಿಸುತ್ತಾರೆ ಎಂದುಕೊಳ್ಳಿ. ಎಣಿಕೆ ನಾಲ್ಕೇ ಉಳಿಯುತ್ತದೆ, ಸಾಲುಗಳು ಮೂರಾಗುತ್ತವೆ. ಚಾಚಿದ ಕೋಶ ಮುಂದಿನ ಮಾರುಕಟ್ಟೆಯ ಮೊದಲ ಸಾಲಿಗೆ ಇಳಿದು ಅಲ್ಲಿನ ಎಲ್ಲವನ್ನೂ ಒಂದು ಕಾಲಂ ಬಲಕ್ಕೆ ತಳ್ಳುತ್ತದೆ. ಕನಿಷ್ಠ ಬೆಲೆ ‘ಗರಿಷ್ಠ’ ಎಂಬ ತಲೆಬರಹದ ಕೆಳಗೆ ಕೂರುತ್ತದೆ, ಗರಿಷ್ಠ ಬೆಲೆ ‘ಮಾದರಿ’ಯ ಕೆಳಗೆ. ಇದನ್ನು ಬರೀ ಅಂದಚಂದದ ದೋಷ ಎಂದು ತಳ್ಳಿಹಾಕುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಮೂಟೆಗಳನ್ನು ಇವತ್ತು ಕಳಿಸಬೇಕೋ ಇನ್ನೊಂದು ವಾರ ತಡೆಯಬೇಕೋ ಎಂದು ಯೋಚಿಸುತ್ತಿರುವವರು ನೋಡುವ ಅಂಕಿ ಅದು.

ಬ್ರೌಸರು ಈ ವಿಷಯದಲ್ಲಿ ಚಕಾರ ಎತ್ತುವುದಿಲ್ಲ. ಎಚ್‌ಟಿಎಂಎಲ್ ಎಷ್ಟೇ ಎಡವಟ್ಟಾಗಿದ್ದರೂ ಅದು ತನಗೆ ತಿಳಿದಂತೆ ಸರಿಪಡಿಸಿ ತೋರಿಸುತ್ತದೆ. ಸಾಲಿನೊಳಗಿದ್ದೂ ಯಾವ ಕೋಶಕ್ಕೂ ಸೇರದ ಪಠ್ಯವಿದ್ದರೆ ಅದನ್ನು ಎತ್ತಿ ಕೋಷ್ಟಕದ ಮೇಲ್ಗಡೆ ಇಟ್ಟುಬಿಡುತ್ತದೆ. ಹಾಗಾಗಿ ತಪ್ಪು ಹುಟ್ಟಿದ್ದು ಒಂದು ಕಡೆ, ಕಾಣುವುದು ಮತ್ತೊಂದು ಕಡೆ.

ಇದಕ್ಕೆ ನಾನು ನೆಚ್ಚಿಕೊಂಡಿರುವ ಉಪಾಯ ಎರಡು ಹಂತದ್ದು. ಸೋಸುವುದು, ಗುಂಪು ಮಾಡುವುದು, ಎಣಿಸುವುದು ಮೂರನ್ನೂ ಇದೇ ಕ್ರಮದಲ್ಲಿ ಪೈಥಾನ್ ಕೋಡಿನಲ್ಲೇ ಮುಗಿಸಿ, ಟೆಂಪ್ಲೇಟಿಗೆ ಸಿದ್ಧ ಗುಂಪುಗಳನ್ನಷ್ಟೇ ಕೊಡುತ್ತೇನೆ. ಟೆಂಪ್ಲೇಟು ಭಾಷೆಗಳಲ್ಲೇ ಗುಂಪು ಮಾಡುವ ಸೌಲಭ್ಯ ಇದೆ, ನಿಜ. ಆದರೆ ಜ್ಯಾಂಗೊದ ರೀಗ್ರೂಪ್ ಅಕ್ಕಪಕ್ಕ ಇರುವ ಸಾಲುಗಳನ್ನು ಮಾತ್ರ ಒಟ್ಟುಗೂಡಿಸುತ್ತದೆ. ಮಾಹಿತಿ ಕಲಸಿಕೊಂಡು ಬಂದರೆ ಶಿರಸಿ ಎರಡು ಸಲ ಕಾಣಿಸಿಕೊಳ್ಳುತ್ತದೆ. ಜಿಂಜಾದ ಗ್ರೂಪ್‌ಬೈ ತಾನೇ ಹೆಸರಿನ ಪ್ರಕಾರ ವಿಂಗಡಿಸಿಬಿಡುತ್ತದೆ, ಹತ್ತಿರದ ಮಾರುಕಟ್ಟೆ ಮೊದಲು ಬರಲಿ ಎಂದರೆ ಅದು ಕೇಳುವುದಿಲ್ಲ. ಎರಡನೆಯ ಹಂತ, ಪ್ರತಿ ಮಾರುಕಟ್ಟೆಗೂ ಪ್ರತ್ಯೇಕ ಟಿಬಾಡಿ, ಅಂದರೆ ಸಾಲುಗಳ ಗುಂಪನ್ನು ಸುತ್ತುವರಿಯುವ ಎಚ್‌ಟಿಎಂಎಲ್ ಟ್ಯಾಗು. ಒಂದು ಕೋಷ್ಟಕದಲ್ಲಿ ಎಷ್ಟು ಟಿಬಾಡಿಗಳು ಬೇಕಾದರೂ ಇರಬಹುದು, ಮತ್ತು ರೋಸ್ಪ್ಯಾನ್ ತನ್ನ ಟಿಬಾಡಿಯ ಗಡಿ ದಾಟುವಂತಿಲ್ಲ. ಎಣಿಕೆ ತಪ್ಪಿದರೂ ಪಕ್ಕದ ಮಾರುಕಟ್ಟೆಯ ಬೆಲೆ ಜರುಗುವುದಿಲ್ಲ. ಇಷ್ಟು ಉಪಯುಕ್ತವಾದ ನಿಯಮವನ್ನು ಕಲಿಸುವವರು ಯಾಕೆ ಕೈಬಿಡುತ್ತಾರೋ ಗೊತ್ತಿಲ್ಲ.

ಬಗೆಗಳ ಫೋಟೊಗಳನ್ನು ಸಾಲಿಗೆ ಮೂರರಂತೆ ಜೋಡಿಸಲು ಕೂಡ ಹಿಂದೆ ಕೋಷ್ಟಕವನ್ನೇ ಬಳಸುತ್ತಿದ್ದರು. ಮೂರು ಫೋಟೊಗಳಿಗೊಮ್ಮೆ ಸಾಲು ಮುಚ್ಚಿ ಹೊಸದು ತೆರೆಯುವ ಲೆಕ್ಕ ಟೆಂಪ್ಲೇಟಿನ ತುಂಬ ಇರುತ್ತಿತ್ತು. 2017ರಲ್ಲಿ ಪ್ರಮುಖ ಬ್ರೌಸರುಗಳಿಗೆ ಸಿಎಸ್‌ಎಸ್ ಗ್ರಿಡ್ ಬಂದ ಮೇಲೆ ಆ ಲೆಕ್ಕದ ಹಂಗಿಲ್ಲ. ಕೋಶದ ಅರ್ಥ ಅದರ ತಲೆಬರಹದಿಂದ ಬರುವುದಾದರೆ ಮಾತ್ರ ಕೋಷ್ಟಕ, ಉಳಿದದ್ದಕ್ಕೆ ಗ್ರಿಡ್.

ಕನ್ನಡದ ಪುಟಕ್ಕೆ ಅದರದೇ ಅಗತ್ಯಗಳಿವೆ. ಬ್ರೌಸರು ಕಾಲಮ್ಮಿನ ಅಗಲವನ್ನು ಒಡೆಯಲಾಗದ ಅತಿ ಉದ್ದದ ಪದ ನೋಡಿ ಹೊಂದಿಸುವುದರಿಂದ, ಕೆಂಪುಗೊಟು ಬಂದ ದಿನ ಒಂದು ಅಗಲ, ಬರದ ದಿನ ಇನ್ನೊಂದು. ಅಗಲಗಳನ್ನು ಮೊದಲೇ ನಿಗದಿಪಡಿಸಿದರೆ ಕಣ್ಣಿಗೆ ದಿನವೂ ಅದೇ ಜಾಗದಲ್ಲಿ ಅದೇ ಅಂಕಿ ಸಿಗುತ್ತದೆ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗೆ ಹೊಂದಿಸಿಟ್ಟಿದ್ದರೆ ‘ಕನಿಷ್ಠ’, ‘ಗರಿಷ್ಠ’ಗಳ ಒತ್ತು ಕೆಳಗಿನ ಗೆರೆಗೆ ತಾಗುತ್ತದೆ, ಅದನ್ನು ಹಿಗ್ಗಿಸಲೇಬೇಕು.

ಕೊನೆಗೆ ಖಾಲಿ ಕೋಶ. ಬೆಲೆ ಇಲ್ಲದ ಕಡೆ ಜ್ಯಾಂಗೊ ಮತ್ತು ಜಿಂಜಾ ಎರಡೂ ‘ನನ್’ ಎಂಬ ಇಂಗ್ಲಿಷ್ ಪದವನ್ನೇ ಅಚ್ಚು ಹಾಕುತ್ತವೆ. ಅದರ ಬದಲು ಸೊನ್ನೆ ಹಾಕುವುದು ಇನ್ನೂ ಕೆಟ್ಟದ್ದು, ಬೆಲೆಯೇ ಬಿದ್ದುಹೋಯಿತೇನೋ ಅನ್ನಿಸುತ್ತದೆ. ‘ಆವಕ ಇಲ್ಲ’ ಎಂದು ಬರೆಯಲು ಜಾಗ ಧಾರಾಳವಾಗಿದೆ. ಮಾರುಕಟ್ಟೆಗಳೆಲ್ಲ ಮುಚ್ಚಿರುವ ದಿನ ಸಾಲೇ ಇಲ್ಲದ ಬರೀ ತಲೆಬರಹ ಉಳಿಯುತ್ತದಲ್ಲ, ಆ ಸ್ಥಿತಿಗೂ ಟೆಂಪ್ಲೇಟಿನಲ್ಲಿ ಒಂದು ದಾರಿ ಇಟ್ಟಿರಬೇಕು: ಹಿಂದಿನ ವಹಿವಾಟಿನ ಬೆಲೆಗಳು, ಅವುಗಳ ಮೇಲೆ ದಪ್ಪಕ್ಷರದಲ್ಲಿ ಆ ವಹಿವಾಟಿನ ತಾರೀಕು.